ದ್ಯಾವಪ್ಪ ಕೆತ್ತಿದ ಅಕ್ಷರ

ಮೊದಲ ಆ ಬಾಗಿಲಾ ಸರಿಯಾಗಿ ಹಾಕ್ರಿ. ಹ್ಞಾಂ... ಈಗ ಕೇಳ್ರಿ. ಇದು ಯಾರದೋ ಊರ ಮಾತಲ್ಲ, ನಮ್ಮ ಕಾಕಾನ ಮಗ ದುರಗೇಶಂದು.

ಹ್ವಾದ ವರ್ಷ ಒಂದು ಅಮಾಸಿ ರಾತ್ರಿ. ಸಾಣಾಪುರದಾಗ ಬೋರ್ಡು, ಬ್ಯಾನರ್ ಮಾಡೋ ಅಂಗಡಿ ಐತಲ್ಲ ಅವಂದು, ಅದನ್ನ ಮುಚ್ಚಿ ಹೊಂಟಾನ. ಗಾಡಿ ಪಂಚರ್. ಹನುಮನಹಳ್ಳಿಗೆ ನಡಕೋಂತ... ಹಳೇ ಬಾವಿ ಹತ್ರ ಬಂದಾನ. ಒಳಗಿಂದ ಸಪ್ಪಳ.

ಟಕ್... ಟಕ್... ಸರ್ರ್.

ಎರಡು ಪೆಟ್ಟು, ಒಂದು ಕೆರೆತ. ಉಳಿ ಮ್ಯಾಲ ಕೊಡತಿ ಬಿದ್ದಂಗ. ದುರಗೇಶಗ ಗುರ್ತ ಹತ್ತಿತು. ಹತ್ತದಽ ಹ್ಯಾಂಗ ಇರತೈತ್ರಿ?

ದ್ಯಾವಪ್ಪ ಬಡಿಗೇರ ಅಂತ ಒಬ್ಬ ಮುದುಕ ಇದ್ದ. ನಾಟಕದ ಪೋಸ್ಟರ್ ಛಾಪಸಾಕ ಕಟ್ಟಿಗ್ಯಾಗ ಅಕ್ಷರ ಕೆತ್ತತಿದ್ದ. ಗೇಣುದ್ದ, ದಪ್ಪನ್ನವು. ಉಲ್ಟಾ ಕೆತ್ತಬೇಕು, ಆವಾಗ ಕಾಗದದ ಮ್ಯಾಲ ಸೀದಾ ಬೀಳತಾವ. ಸವದು, ಅಂಚು ಮುಕ್ಕಾಗಿ, ಮಸಿ ಅಲ್ಲಲ್ಲಿ ಹತ್ತದ ಅಕ್ಷರ... ಆ ಒರಟು ಛಾಪಾನಽ ಈಗ ರೆಸಾರ್ಟಿನವರಿಗೆ ಬೇಕು. ದುರಗೇಶ ಒಂದೊಂದಽ ಛಾಪಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಫಾಂಟ್ ಮಾಡಿದ. ಮುದುಕ ಕೇಳಿದ್ದು ಎರಡಽ ಮಾತು. "ಅದಕ್ಕ ನನ್ನ ಹೆಸರು ಇಡಪಾ. ಕೆಲಸ ಮುಗದ ಮ್ಯಾಲ ಅಕ್ಷರಾ ಹೊಳಿಗೆ ಬಿಡು." ಸವದ ಸಾಮಾನು ಹೊಳಿಗೆ ಬಿಡೋದು ಅವರ ಮನಿ ಪದ್ಧತಿ. ಬೆಂಕಿ ತೋರಸಂಗಿಲ್ಲ.

ನಮ್ಮ ಶಾಣ್ಯಾ ಏನ್ ಮಾಡಿದ? ಫಾಂಟಿಗೆ ತನ್ನ ಹೆಸರು ಇಟ್ಟ. ಮತ್ತೊಬ್ರು ನಕಲು ಮಾಡಬಾರದಂತ ಆ ಅಕ್ಷರಾನೆಲ್ಲ ನೀರೊಲಿಗೆ ತುರುಕಿದ! ಕೈ ಸೇದಿ ಹೋಗಲಿ ಅವನ್ವು... ನನಗ ಇವತ್ತಿಗೂ ಸಿಟ್ಟು ಇಳಿದಿಲ್ಲ. ಮುದುಕ ಬಂದು ಬೂದಿ ನೋಡಿದ. ಮೂರನೇ ದಿನಕ್ಕ ಸತ್ತ.

ಆ ಸತ್ತ ಮುದುಕನ ಉಳಿ ಸಪ್ಪಳ ಅದು, ಬಾವ್ಯಾಗ.

ಸಪ್ಪಳ ನಿಂತು ಬಿಡತು. ಆಮ್ಯಾಲ ಪಿಸುಮಾತು. "ದುರಗೇಶಾ... ಹೆಸರು ಇಟ್ಟೀ ಏನಪಾ?"

"ನಾಳಿಗೇ ಇಡತೇನಿ ಅಜ್ಜಾ... ದೇವರಾಣಿ."

"ಬ್ಯಾಡ ಬಿಡು... ನಾನಽ ಕೆತ್ತತೇನಿ."

ಬೆನ್ನಾಗ ಚುಳ್ ಅಂತು. ಬಿದ್ದೆದ್ದು ಮನಿಗೆ ಓಡಿ ಅಂಗಿ ತಗದ್ರ... ಬೆನ್ನ ಮ್ಯಾಲ ಒಂದು ಉಲ್ಟಾ ಅಕ್ಷರ. ದಪ್ಪನ್ನದು. ಚೂರೂ ರಕ್ತ ಇಲ್ಲ.

ಮರುದಿನಾನಽ ಫಾಂಟಿನ ಹೆಸರು ಬದಲಿ ಮಾಡಿದ. ಮುದುಕನ ಮಗನ ಕಾಲು ಹಿಡದ. ಸತ್ತಾವ ಕೇಳತಾನೇನು? ಅಮಾಸಿಗೊಂದು ಅಕ್ಷರ. ಏಳು ಅಮಾಸಿಗೆ ದ್ಯಾವಪ್ಪ ಬಡಿಗೇರ ಅಂತ ಪೂರಾ ಆತು. ಇನ್ನರೆ ಬಿಟ್ಟೀತು ಅಂತ ಅವನ ಹೆಂಡ್ತಿ ಯಮನೂರಮ್ಮ ಹೇಮಗುಡ್ಡದ ದುರ್ಗಮ್ಮಗ ಉಡಿ ತುಂಬಿ ಬಂದ್ಲು. ಪಾಪ, ಆಕಿ ಏನು ತಪ್ಪು ಮಾಡಿದ್ಲು?

ಮನ್ನೆ ಅಮಾಸಿ ಮರುದಿನ ನಾನು ಅವರ ಮನ್ಯಾಗಽ ಇದ್ದೆ. ಯಮನೂರಮ್ಮಗ ಜ್ವರ, ಅರಿವಿ ನಾ ತೊಳದೆ. ದುರಗೇಶನ ಅಂಗಿ ಒಳಗ ಆ ಹೆಸರು ಸೀದಾ, ಕರ್ರಗ ಛಾಪ ಬಿದ್ದಿತ್ತು. ಅದು ಎಲ್ಲಾರಿಗೂ ಗೊತ್ತಿದ್ದದ್ದಽ. ನಂಬ್ರಿ ಬಿಡ್ರಿ, ಇದು ಮಾತ್ರ ನನ್ನ ಕೈಯಾರೆ ತಿಕ್ಕಿ ಸಾಕಾದ್ರೂ ಹೋಗಲಿಲ್ಲ, ಖರೇ ಹೇಳತೇನಿ... ಅವನ ಸಣ್ಣ ಮಗಳ ಸಾಲಿ ಅಂಗಿ. ಒಳಗ, ಬೆನ್ನಿನ ಕಡೆ, ಒಂದಽ ಅಕ್ಷರ.