ಇಲಿಗೆ ಹೊಳೆಯದ ಉಪಾಯ

ಕಿವಿ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ಬಸ್ ಡ್ರೈವರೊಬ್ಬ ಮಗಳ ಜೊತೆ ಕೂತಿದ್ದ. ಕಿವಿ ಪರೀಕ್ಷೆ ಪಾಸಾಗದಿದ್ದರೆ ಲೈಸೆನ್ಸು ಹೋಗುತ್ತದಂತೆ. ಮಗಳು ಪ್ರಯೋಗಾಲಯದಲ್ಲಿ ಮುದಿ ಇಲಿಗಳ ಕಿವಿ ಪರೀಕ್ಷಿಸುವವಳು. ಅವನು ಗುಟ್ಟಾಗಿ ಆಡುತ್ತಿದ್ದ ಮಾತು ಇಡೀ ಕೋಣೆಗೆ ಕೇಳುತ್ತಿತ್ತು.

“ಕೇಳಿಸ್ತು ಅಂತ ನಿನ್ನ ಇಲಿ ಹೇಗಮ್ಮ ಹೇಳುತ್ತೆ?”

“ಮಂಪರು ಬರಿಸಿ ತಲೆಗೆ ವೈರ್ ಹಾಕ್ತೀವಪ್ಪ. ಸದ್ದು ಕೇಳಿದ್ರೆ ಪರದೆ ಮೇಲೆ ಗೆರೆ ಏಳುತ್ತೆ. ಮೋಸ ಮಾಡೋಕಾಗಲ್ಲ.”

“ಪಾಪ, ದಡ್ಡ ಪ್ರಾಣಿ. ನಾನು ಪರೀಕ್ಷೆ ಮಾಡೋನ ಕೈ ನೋಡ್ಕೊಂಡೇ, ಕೇಳಿಸ್ತು ಅಂತ ಬೆರಳೆತ್ತುತ್ತೀನಿ.”

“ಬೆನ್ನು ತಿರುಗಿಸಿ ಕೂರಿಸ್ತಾರೆ!”

“ಹಾಗಾದ್ರೆ ನೀನು ಬಾಗಿಲ ಹತ್ರ ನಿಂತ್ಕೊ. ಅವನು ಗುಂಡಿ ಒತ್ತಿದಾಗೆಲ್ಲ ಮೆಲ್ಲಗೆ ಕೆಮ್ಮು.”

ಮಗಳು ಅತ್ತ ಮುಖ ತಿರುಗಿಸಿ, ಮತ್ತೆ ಅವನ ಕಡೆ ನೋಡಿದಳು.

“ಈಗಷ್ಟೇ ಮೂರು ಸಲ ಕೆಮ್ಮಿದೆನಪ್ಪ.”

ಒಳಗಿಂದ ಕರೆ ಬಂತು, ಡ್ರೈವರ್ ಎದ್ದ. ಮಗಳು ಮುಂದೆ, ಅವನು ಹಿಂದೆ, ಒಳಗೆ ಹೋದರು.