ಏಳನೆಯ ಹೆಸರಿಗೆ ಇನ್ನೊಂದು ಕಾರ್ಡು

ಮಶಾಕಸಾಬರ ಮನೆಯವರಾದ ಚಾಂದಬಿ ವೈನಿಯವರೆ, ಮಗಳು ಗುಲಶನ, ನಮ್ಮ ರೇಷನ್ ಕಚೇರಿಯ ಹಿರಿಯರೆ, ಮಮದಾಪುರ, ತಿಕೋಟಾದಿಂದ ಬಸ್ಸು ಹಿಡಿದು ಬಂದ ಬಂಧುಗಳೆ — ಎಲ್ಲರಿಗೂ ನಮಸ್ಕಾರ. ನಾನು ಯಲಗೂರಪ್ಪ. ಹನ್ನೊಂದು ವರ್ಷ ಮಶಾಕಸಾಬರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದವನು. ಹೋದ ಮಂಗಳವಾರದಿಂದ ಅವರ ಕುರ್ಚಿ ಖಾಲಿ. ನನಗೆ ಭಾಷಣ ಬರುವುದಿಲ್ಲ. ಆದರೆ ಇವತ್ತು ನನ್ನ ತಪ್ಪು ನಾನೇ ಹೇಳಬೇಕು.

ಇಗೋ — ಈ ಕಾರ್ಡು ನೋಡಿ. ಹಿಂದಿನವರಿಗೂ ಕಾಣಲಿ. ಈ ವರ್ಷ, ಎಪ್ಪತ್ತೈದರಲ್ಲಿ, ರೇಷನ್ ಪಟ್ಟಿಯನ್ನು ಬೆಂಗಳೂರಿನ ಕಂಪ್ಯೂಟರಿಗೆ ಹಾಕುವ ಕೆಲಸ ಬಂತಲ್ಲ, ಅದು ಯಂತ್ರ ಓದುವ ಇಂಥ ತೂತಿನ ಕಾರ್ಡಿನಿಂದ. ಇದರಲ್ಲಿ ಎಂಬತ್ತು ಅಕ್ಷರ ಹಿಡಿಯುತ್ತವೆ. ಎಂಬತ್ತೊಂದನೆಯದಕ್ಕೆ ಜಾಗವಿಲ್ಲ. ಊರು, ಮನೆ ನಂಬರಿಗೆ ಇಪ್ಪತ್ತು ಹೋದವು. ಹೆಸರಿಗೆ ಹತ್ತರಂತೆ ಆರು ಹೆಸರು — ಮುಗಿಯಿತು. ಮನೆಯಲ್ಲಿ ಏಳು ಮಂದಿ ಇದ್ದರೆ? ಒಬ್ಬರನ್ನು ಬಿಟ್ಟೆ. ಹೌದು, ನಾನೇ ಬಿಟ್ಟೆ. ಗಂಡಸರನ್ನು ಮೊದಲು ಬರೆಯುವ ರೂಢಿ ನಮ್ಮದು. ಕೊನೆಗೆ ಉಳಿಯುವವರು ಮುದುಕಿಯರು. ಮೇಲಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ದಿನ ಮಮದಾಪುರದ ಸೀತವ್ವ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಖಾಲಿ ಚೀಲ. ಹೊಸ ಪಟ್ಟಿ ಬಂದಮೇಲೆ ಅವರ ಪಾಲಿನ ಜೋಳ ನಿಂತುಹೋಗಿತ್ತು. "ಯಪ್ಪಾ, ನಾ ಸತ್ತೇನಂತ ನಿಮಗ ಯಾರ್ ಹೇಳಿದ್ರಿ?" ಅಂದರು. ನಾನು — ಏನು ಹೇಳಲಿ — ಅವರಿಗೆ ಕಾರ್ಡು ತೋರಿಸಿದೆ! "ಜಾಗ ಇಲ್ಲಬೇ" ಅಂದೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಮಶಾಕಸಾಬರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಮೇಜು ಕುಟ್ಟಿದರು. "ಏ ಯಲಗೂರಪ್ಪ, ನಿಮ್ಮ ಮನಿಗೆ ಊಟಕ್ಕ ಒಬ್ಬರು ಹೆಚ್ಚಿಗಿ ಬಂದ್ರ ಹೊರಗ ಹಾಕ್ತಿಯೇನಲೇ? ಇನ್ನೊಂದ ತಾಟ ಇಡ್ತಿ. ಇಲ್ಲೂ ಇನ್ನೊಂದ ಕಾರ್ಡ ಇಡು!"

ಅಷ್ಟೇ ನೋಡಿ. ಮನೆಗೊಂದು ಕಾರ್ಡು, ಒಬ್ಬೊಬ್ಬರಿಗೂ ಒಂದೊಂದು ಕಾರ್ಡು, ಎಲ್ಲದರ ಮೇಲೂ ಅದೇ ಮನೆ ನಂಬರು. ಯಂತ್ರ ನಂಬರು ನೋಡಿ ಮನೆಯವರನ್ನು ಒಟ್ಟುಗೂಡಿಸುತ್ತದೆ. ಏಳಿರಲಿ, ಹದಿನೇಳಿರಲಿ! ಬೆಂಗಳೂರಿನವರು ಒಪ್ಪಿದರು — ಆದರೆ ತಿಂಗಳ ಕೊನೆಯೊಳಗೆ ಎಲ್ಲ ಹೊಸದಾಗಿ ಬರೆದುಕೊಡಿ ಅಂದರು. ನಾವೆಲ್ಲ ತಲೆಮೇಲೆ ಕೈಹೊತ್ತು ಕೂತೆವು. ಮಶಾಕಸಾಬರು ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಮನೆಮನೆಯ ಹೆಸರು ಬರೆಯಲು ಹೊರಟರು. ತಿಕೋಟಾ ಮುಗಿಸಿದರು. ಮಮದಾಪುರ ಮುಗಿಸಿದರು. ಅಷ್ಟು ದಿನದಲ್ಲಿ ಎಷ್ಟು ಸಲ ಮನೆಯಲ್ಲಿ ಬಿಸಿ ರೊಟ್ಟಿ ಉಂಡರು ಅನ್ನುವುದನ್ನು ಗುಲಶನಳನ್ನೇ ಕೇಳಿ. ಕಾಖಂಡಕಿಯ ನೂರಾ ನಲವತ್ತು ಮನೆ ಉಳಿದಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಈಗ ಮೇಲಿನಿಂದ ಮಾತು ಬಂದಿದೆ: ಅವರಂತೂ ಹೋದರು, ಕಾಖಂಡಕಿಯದನ್ನು ಹಳೇ ನಮೂನೆಯಲ್ಲೇ ಕಳಿಸಿಬಿಡಿ ಅಂತ. — ಇಲ್ಲ. ಕಳಿಸುವುದಿಲ್ಲ. ಸಾಹೇಬರು ಇಲ್ಲೇ ಕೂತಿದ್ದಾರೆ, ಅವರ ಮುಂದೆಯೇ ಹೇಳುತ್ತೇನೆ: ಕಳಿಸುವುದಿಲ್ಲ! ಇನ್ನೂ ನಾಲ್ಕು ದಿನ ಇದೆ. ನಾವು ಹದಿನಾಲ್ಕು ಜನ ಕಾರಕೂನರು. ತಲೆಗೆ ಹತ್ತು ಮನೆ. ನಾಳೆ ಮೊದಲ ಬಸ್ಸಿಗೆ ನಾನು ಹೊರಡುತ್ತೇನೆ. ಬರುವವರು ಬನ್ನಿ. ಬಾರದವರ ಹತ್ತು ಮನೆಯೂ ನನ್ನವೇ.

ಮಶಾಕಸಾಬರಿಗಾಗಿ ಎರಡು ನಿಮಿಷ ಎದ್ದು ನಿಲ್ಲೋಣ. ವಯಸ್ಸಾದವರು ಕೂತೇ ಇರಬಹುದು — ಸೀತವ್ವ, ನೀವು ಕುಂದರ್ರಿ, ಕಾಲು ನೋಯ್ತಾವ — ಏನಂದ್ರಿ?

ಕೇಳಿಸಿತೇ ಎಲ್ಲರಿಗೂ? "ನನ್ನ ಹೆಸರ ಬರದಾಂವಗ ನಾ ನಿಂದರಲಿಲ್ಲಂದ್ರ ಮತ್ತ್ಯಾರ ನಿಂದರಬೇಕೋ ಯಪ್ಪಾ?" ಅಂತಾರೆ.

ಸೀತವ್ವ ನಿಂತರು. ನಾವೂ ನಿಲ್ಲೋಣ.