ಹಿಮದ ಬೆಟ್ಟದಿಂದ ಬಂದ ರಾಣಿಹುಳ

ಸಕ್ಕರೆ ಚೆಲ್ಲಿದ್ದಕ್ಕೆ ನಾನು ಗದರಿದ್ದಲ್ಲ, ನಿಮಗೆ ಹಾಗೆ ಕೇಳಿಸಿತು ಅಷ್ಟೆ. ಚೆಲ್ಲಿದ ಸಕ್ಕರೆ ಕಂಡರೆ ನನಗೆ ಅಕ್ಕ ನೆನಪಾಗುತ್ತಾಳೆ. ನನ್ನ ಒಡಹುಟ್ಟಿದ ಅಕ್ಕ, ಸಾವಿತ್ರಿ. ನಿಮ್ಮಮ್ಮ ಕೂಡ ಅವಳನ್ನು ಸರಿಯಾಗಿ ನೋಡಿದ್ದಿಲ್ಲ. ಮದುವೆಯಾಗಿ ಸೋಂದಾ ಕಡೆಗೆ ಹೋದವಳು ಎರಡನೆಯ ವರ್ಷಕ್ಕೆ, ಅಲ್ಲ, ಮೂರನೆಯ ವರ್ಷಕ್ಕೆ, ಗಂಡ ತೀರಿಕೊಂಡ ಮೇಲೆ ಮನ್ಮನೆ ಊರಿಗೆ ನಮ್ಮಲ್ಲಿಗೇ ಬಂದಳು. ಅಪ್ಪಯ್ಯ ಅಲ್ಲಿ ಶಾಲೆಯ ಮಾಸ್ತರರು, ಶಾಲೆಯ ಹಿಂದೆಯೇ ನಮ್ಮ ಮನೆ. ಆ ಹಿತ್ತಲಲ್ಲಿ ಅಕ್ಕ ಪೆಟ್ಟಿಗೆಯಿಟ್ಟು ತುಡುವೆ ಜೇನು ಸಾಕಿದಳು. ಹವ್ಯಾಸಕ್ಕೆ ಎಂದುಕೊಳ್ಳಬೇಡಿ, ಜೇನುತುಪ್ಪ ಮಾರಿ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕೆಂದು. ಅವಳ ಗಂಡನ ಅಣ್ಣ, ನಮಗೆ ದೊಡ್ಡಭಾವ, ಬಂದಾಗಲೆಲ್ಲ ಜಗಲಿಯಲ್ಲಿ ಕುಳಿತು ಅವಳನ್ನು ಮರಳಿ ಕಳಿಸುವ ಮಾತೆತ್ತುತ್ತಿದ್ದರು. ಆ ವರ್ಷವಂತೂ ಎಲೆಯಡಿಕೆ ಉಗಿದು ಬಂದು ಖಂಡಿತವಾಗಿ ಹೇಳಿದರು: "ದೀಪಾವಳಿ ತನಕ ನೋಡ್ತೆ. ಅವಳ ಹೊಟ್ಟೆಗೆ ಅವಳೇ ದುಡಕಂಡ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ನಮ್ಮನೆ ಹೆಂಗ್ಸು ನಮ್ಮನೆಲಿ ಇರವು." ಸೋಂದಾದ ಆ ಮನೆಯ ಒಲೆ ಆರಿದ್ದೆಂಬುದೇ ಇಲ್ಲ, ಬೆಳಿಗ್ಗೆ ಅಡುಗೆಮನೆಗೆ ಹೊಕ್ಕ ಹೆಂಗಸು ಬೆಳಕಿರುವಾಗ ಹೊರಗೆ ಬಂದದ್ದನ್ನು ನಾನು ಕಾಣೆ. ಅಲ್ಲಿಗೆ ಹೋಗಲಾರೆ ಎಂದು ಅಕ್ಕ ಯಾರಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನದಿಂದ ದಿನಾ ಪೆಟ್ಟಿಗೆಗಳ ಮುಚ್ಚಳ ತೆಗೆದು ತುಪ್ಪ ಎಷ್ಟಾಯಿತೆಂದು ನೋಡತೊಡಗಿದಳು.

ಅದುವರೆಗೆ ಅವಳ ರಾಣಿಗಳೆಲ್ಲ ಮನೆಯಲ್ಲೇ ಹುಟ್ಟಿದವು. ಹೂವಿನ ಕಾಲದಲ್ಲಿ ಒಳ್ಳೆಯ ಗೂಡೊಂದು ತಾನಾಗಿ ಹೊಸ ರಾಣಿಗೆ ಕೋಶ ಕಟ್ಟುತ್ತದೆ, ಮೇಣದ ಎರಿಯ ಅಂಚಿನಿಂದ ಶೇಂಗಾಕಾಯಿ ಜೋತಂತೆ. ಅದನ್ನು ನೋಯದಂತೆ ಕೊಯ್ದು ರಾಣಿಯಿಲ್ಲದ ಇನ್ನೊಂದು ಪೆಟ್ಟಿಗೆಗೆ ಅಂಟಿಸುತ್ತಿದ್ದಳು. ನಿಧಾನದ ಕೆಲಸ, ವರ್ಷಕ್ಕೆ ಒಂದೋ ಎರಡೋ ಪೆಟ್ಟಿಗೆ ಹೆಚ್ಚಾದರೆ ಅದೇ ದೊಡ್ಡದು. ನಿಧಾನಕ್ಕೆ ಅವಳಿಗೆ ಈಗ ಸಮಯವೆಲ್ಲಿತ್ತು? ಆಗಲೇ ಜೇನು ಮಾಸ್ತರು ಸುದ್ದಿ ತಂದರು. ಹಾವೇರಿ ಕಡೆಯವರು, ಸೈಕಲ್ಲಿನಲ್ಲಿ ಊರೂರು ತಿರುಗಿ ಪೆಟ್ಟಿಗೆ ನೋಡಿ ಹೇಳಿಕೊಡುವುದು ಅವರ ನೌಕರಿ. ಉತ್ತರದ ಹಿಮದ ಬೆಟ್ಟಗಳಿಂದ ದೊಡ್ಡ ಮೈಯ ರಾಣಿಗಳನ್ನು ತರಿಸುತ್ತಾರಂತೆ, ಸಂತಾನವೂ ಹೆಚ್ಚು, ತುಪ್ಪವೂ ಹೆಚ್ಚು. ಆದರೆ ಅವರು ಎಚ್ಚರಿಕೆಯನ್ನೂ ಹೇಳಿದರು, ಅನ್ಯಾಯ ಮಾಡಬಾರದು. "ಒಂದೆರಡು ಪೆಟ್ಟಿಗಿಗೆ ಹಾಕಿ ನೋಡ್ರಿ ಅಕ್ಕಾರ. ಒಂದು ಮಳಿಗಾಲ ಕಳೀಲಿ." ಅಕ್ಕ ಹೇಳಿದಳು: "ನನ್ನ ಹತ್ರ ಇರೋದೇ ಒಂದು ಮಳೆಗಾಲ, ಮಾಸ್ತರೆ."

ಇದ್ದ ಪೆಟ್ಟಿಗೆಗಳಿಗೆಲ್ಲ ಒಂದೊಂದು ರಾಣಿಯನ್ನು ತರಿಸಿದಳು, ಹೋಳಿ ಕಳೆದ ಮೇಲೆ ಬಂದವು. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಬಸ್ಸು. ಬೆಂಕಿಪೊಟ್ಟಣದಷ್ಟು ಮರದ ಗೂಡು, ಮೇಲೆ ತಂತಿಬಲೆ, ಒಳಗೆ ರಾಣಿ, ಅವಳ ಸೇವೆಗೆ ನಾಲ್ಕಾರು ಹುಳ. ಗೂಡಿನ ಬಾಯಿಗೆ ಸಕ್ಕರೆಮುದ್ದೆ. ಪೆಟ್ಟಿಗೆಯ ಹುಳಗಳು ಆ ಮುದ್ದೆಯನ್ನು ತಿಂದು ದಾರಿ ಮಾಡುವಷ್ಟರಲ್ಲಿ ಹೊಸಬಳ ವಾಸನೆಗೆ ಒಗ್ಗಿರುತ್ತವೆ ಎಂದು ಲೆಕ್ಕ. ನಮ್ಮ ಆಯಿ, ಅಂದರೆ ಅಮ್ಮ, ಅವುಗಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಹೊಸ ಸೊಸೆಯರಿಗೆ ಮಾಡುವಂತೆ ಕೆಂಪು ನೀರು ನಿವಾಳಿಸಿ ಒಳಗೆ ತಂದಳು. ಅಪ್ಪಯ್ಯ ನಕ್ಕರು: "ಸೇರಕ್ಕಿ ಒದೆಸ್ತ್ಯನೆ ಇವರ ಹತ್ರ?" ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಯಾಕೆಂದರೆ ಹೊಸ ರಾಣಿ ಒಳಗೆ ಹೋಗಬೇಕಾದರೆ ಹಳೆಯದು ಇರಕೂಡದು. ಎರಡು ಬೆರಳ ನಡುವೆ ಹಿಡಿದು ಹಿಸುಕಬೇಕು. ತಾನೇ ಕೋಶದಿಂದ ಎಬ್ಬಿಸಿದ ರಾಣಿಗಳನ್ನು ಅಕ್ಕ ಒಂದೊಂದಾಗಿ ಹಿಡಿದಳು, ಪ್ರತಿ ಸಲವೂ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕೊನೆಯ ಪೆಟ್ಟಿಗೆಗೆ ಬಂದಾಗ ಆಯಿ ತಡೆಯಲಾರದೆ ಹೇಳಿದಳು: "ಹಳೇದು ಒಂದಾದ್ರೂ ಇರ್ಲಿ ಕೂಸೆ, ಎಂತಕ್ಕಾದ್ರೂ ಬೇಕಾಗ್ತು." ಅಕ್ಕ ತಲೆಯೆತ್ತಲಿಲ್ಲ. "ಎರಡು ರಾಣಿ ಒಂದು ಗೂಡಲ್ಲಿ ಬಾಳ್ತ್ವಿಲ್ಲೆ ಆಯಿ. ಆನು ಕಂಡಿದ್ದಿ."

ಆ ಬೇಸಿಗೆ, ನೋಡಿ, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಪೆಟ್ಟಿಗೆಗಳು ತುಂಬಿ ಹುಳಗಳು ಬಾಗಿಲ ಹೊರಗೆ ಗಡ್ಡದಂತೆ ಜೋತವು. ನೋಡಲು ನೀಲ್ಕುಂದದಿಂದಲೂ ಜನ ಬಂದರು. ಅಕ್ಕ ಹಾಡಿಕೊಂಡು ಓಡಾಡಿದ್ದನ್ನು ನಾನು ಕೇಳಿದ್ದು ಆ ಎರಡು ತಿಂಗಳು ಮಾತ್ರ. ಆಮೇಲೆ ಮಳೆ ಹಿಡಿಯಿತು. ನಮ್ಮ ಸೀಮೆಯ ರಾಣಿ ಮಳೆ ಹಿಡಿದೊಡನೆ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ಹೊರಗೆ ಹೂವಿಲ್ಲ, ಮಕ್ಕಳಿಗೆ ಏನು ಉಣ್ಣಿಸುವುದು? ಉತ್ತರದವಳಿಗೆ ಅದು ತಿಳಿಯದು. ಅವಳ ಊರಿನಲ್ಲಿ ಅದೇ ಹೂವಿನ ಕಾಲ. ಇಡುತ್ತಲೇ ಹೋದಳು. ಅಷ್ಟು ಮಂದಿಗೆ ಸಕ್ಕರೆ ಪಾಕ ಕೊಟ್ಟು ಬದುಕಿಸಬೇಕು, ಸಕ್ಕರೆಯೋ ರೇಷನ್ನಿನಲ್ಲಿ! ಅರವತ್ತೈದನೆಯ ಇಸವಿ, ಗಡಿಯಲ್ಲಿ ಗದ್ದಲ, ಕಾರ್ಡು ಹಿಡಿದು ನಿಂತರೆ ಒಂದು ಪೊಟ್ಟಣ ಸಿಕ್ಕಿದರೆ ಪುಣ್ಯ. ನಾವೆಲ್ಲ ಬೆಲ್ಲದ ಚಹಾ ಕುಡಿದು ಸಕ್ಕರೆಯನ್ನೆಲ್ಲ ಹುಳಗಳಿಗೆ ಬಿಟ್ಟೆವು. ಸಾಲದೆ ಬಂದಾಗ ಅಕ್ಕ ಬೆಲ್ಲದ ನೀರನ್ನೇ ಇಟ್ಟು ನೋಡಿದಳು. ಹುಳಗಳ ಹೊಟ್ಟೆ ಉಬ್ಬಿ ಕೆಟ್ಟಿತು. ಕೊನೆಗೆ ಅವು ತಮ್ಮ ಮರಿಗಳನ್ನೇ ಎಳೆದು ಹೊರಗೆ ಹಾಕತೊಡಗಿದವು. ಬೆಳಗಾದರೆ ಪೆಟ್ಟಿಗೆಗಳ ಮುಂದೆ ಬೆಳ್ಳಗೆ, ಅನ್ನದ ಅಗುಳು ಚೆಲ್ಲಿದಂತೆ. ಅಕ್ಕ ಗುಡಿಸಿ ತೆಗೆಯುತ್ತಿದ್ದಳು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾದದ್ದೇ ತಡ, ಉಳಿದ ಪೆಟ್ಟಿಗೆಗಳ ಹುಳಗಳೆಲ್ಲ ಎದ್ದು ಹೋದವು. ಹಲಸಿನ ಕೊಂಬೆಗೆ ಒಂದು ಗಳಿಗೆ ಕೂತವು. ಮತ್ತೆ ಮಳೆ ಬಂತು. ಸಂಜೆ ಮರದ ಬುಡದಲ್ಲಿ ಸತ್ತ ಹುಳಗಳ ಮೇಲಲ್ಲದೆ ಕಾಲಿಡಲು ಜಾಗವಿರಲಿಲ್ಲ.

ಶಾಲೆಯ ಹಿಂಗೋಡೆಯ ಬಿರುಕಿನಲ್ಲಿ ನಮ್ಮ ತುಡುವೆಯದೇ ಒಂದು ಗೂಡಿತ್ತು, ಯಾರೂ ಸಾಕಿದ್ದಲ್ಲ. ಒಂದು ಹಿಡಿ ಹುಳ, ಇದ್ದಷ್ಟು ತುಪ್ಪವನ್ನು ಹಂಚಿಕೊಂಡು ಸುಮ್ಮನಿದ್ದವು. ಅಕ್ಕ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. "ಹೂವಿನ ಕಾಲಕ್ಕೆ ಇದರಲ್ಲಿ ರಾಣಿ ಎಬ್ಸಲಕ್ಕು ತಂಗಿ," ಎಂದಳು ನನಗೆ. "ಅಷ್ಟೊತ್ತಿಗೆ ಆನು ಇಲ್ಲಿ ಇರ್ತ್ನಿಲ್ಲೆ."

ದೀಪಾವಳಿಯ ಮರುದಿನ ದೊಡ್ಡಭಾವ ಗಾಡಿ ತಂದರು. ಬೈಯಲಿಲ್ಲ, ಕೂಗಾಡಲಿಲ್ಲ, ಅವರ ಮಾತು ಅವರು ನಡೆಸಿದರು, ಅಕ್ಕನನ್ನು ಹತ್ತಿಸಿಕೊಂಡು ಹೋದರು. ಆಮೇಲೆ ನಾನು ಓದಿದೆ, ಧಾರವಾಡಕ್ಕೆ ಹೋದೆ, ಎಂ.ಎ. ಮಾಡಿದೆ, ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನೇ. ರಜೆಯಲ್ಲಿ ಸೋಂದಾಕ್ಕೆ ಹೋದಾಗಲೆಲ್ಲ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು, ಕೈ ಒರೆಸಿಕೊಳ್ಳುತ್ತ, ನನ್ನ ಪರೀಕ್ಷೆಯ ಸುದ್ದಿಗೂ ಮೊದಲು ಕೇಳುತ್ತಿದ್ದದ್ದು ಒಂದೇ: "ಶಾಲೆ ಗೋಡೆ ಜೇನು ಇದ್ದನೆ?" "ಇದ್ದು" ಎನ್ನುತ್ತಿದ್ದೆ. ಇತ್ತು ಕೂಡ. ಅವಳು ತೀರಿಕೊಂಡ ವರ್ಷವೂ ಇತ್ತು.

ಹೊಸದು ಬರಲಿ, ಬೇಡವೆಂದು ನಾನು ಯಾವತ್ತೂ ಅಂದಿಲ್ಲ. ಅದರ ಪಕ್ಕದಲ್ಲಿ ಹಳೆಯದೂ ಒಂದು ಮಳೆಗಾಲ ಇರಲಿ, ಅಷ್ಟೆ. ಏಳಿ, ಆ ಸಕ್ಕರೆ ಬಳಿದು ತೆಗೆಯಿರಿ, ಇರುವೆ ಬಂದೀತು.